ತಪ್ಪೊಪ್ಪಿಗೆ ಮತ್ತು ಗೆಲುವು: ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿಯ ಅಂತಿಮ ಕಂತು

ಪಾಪದ ಹಾದಿ ಹಿಡಿದ ಮಹತ್ವಾಕಾಂಕ್ಷಿಯನ್ನು ಕೃತಿಯ ಕೊನೆಯಲ್ಲಿ ಹೇಗೆ ಬೀಳ್ಕೊಡಬೇಕು ಎಂಬ ಪ್ರಶ್ನೆ ಮಧ್ಯಕಾಲೀನ ಕನ್ನಡ ಕಾವ್ಯದ ಅಭ್ಯಾಸಿಗಳಿಗೆ ಹೊಸದಲ್ಲ. ಅದೇ ಪ್ರಶ್ನೆಯನ್ನು ನಮ್ಮ ಕಾಲದ ದೂರದರ್ಶನ ಕಥನದ ಮುಂದಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಸಂಶೋಧನ ಪತ್ರಿಕೆಯಲ್ಲಿ ಅಮೆರಿಕದ ಅಪರಾಧ ಧಾರಾವಾಹಿಗೆ ಸ್ಥಳವೆಲ್ಲಿ ಎಂದು ಕೆಲವು ಹಿರಿಯರು ಹುಬ್ಬೇರಿಸಬಹುದು. ಆದರೆ ಐದು ಋತುಗಳಲ್ಲಿ 62 ಕಂತುಗಳಷ್ಟು ಹಬ್ಬಿ, ಒಬ್ಬನೇ ವ್ಯಕ್ತಿಯ ಪತನವನ್ನು ಬೆನ್ನುಹತ್ತಿದ ಕಥನವನ್ನು ಕಾವ್ಯದ ವಿದ್ಯಾರ್ಥಿಯು ಕಡೆಗಣಿಸಬೇಕಾದ ಕಾರಣವೇನೂ ನಮಗೆ ಕಾಣದು.

ವಿನ್ಸ್ ಗಿಲಿಗನ್ ರೂಪಿಸಿದ ‘ಬ್ರೇಕಿಂಗ್ ಬ್ಯಾಡ್’ 2008ರ ಜನವರಿಯಲ್ಲಿ ಆರಂಭಗೊಂಡು 2013ರ ಸೆಪ್ಟೆಂಬರ್ 29ರಂದು ಮುಗಿಯಿತು. ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿ ನಗರದ ರಸಾಯನಶಾಸ್ತ್ರದ ಉಪಾಧ್ಯಾಯ ವಾಲ್ಟರ್ ವೈಟ್, ತನಗೆ ಶ್ವಾಸಕೋಶದ ಕ್ಯಾನ್ಸರ್ ತಗುಲಿದೆಯೆಂದು ತಿಳಿದು, ಸಂಸಾರಕ್ಕೆ ಹಣ ಕೂಡಿಡುವ ನೆಪದಲ್ಲಿ ಮೆಥ್ ಎಂಬ ಮಾದಕ ವಸ್ತುವಿನ ತಯಾರಿಕೆಗೆ ಇಳಿಯುತ್ತಾನೆ. ಹಳೆಯ ಶಿಷ್ಯ ಜೆಸ್ಸಿ ಪಿಂಕ್‌ಮನ್‌ನನ್ನೂ ಅದರಲ್ಲಿ ಎಳೆಯುತ್ತಾನೆ. ‘ಫೆಲೀನಾ’ ಎಂಬ ಅಂತಿಮ ಕಂತನ್ನು ಗಿಲಿಗನ್ ತಾನೇ ಬರೆದು ನಿರ್ದೇಶಿಸಿದ್ದಾನೆ.

ಈ ಕಂತನ್ನು ತೂಗಬೇಕಾದರೆ ಅದರ ಹಿಂದಿನ ಎರಡನ್ನು ನೆನೆಯದೆ ವಿಧಿಯಿಲ್ಲ. ‘ಓಜಿಮ್ಯಾಂಡಿಯಾಸ್’ ಕಂತಿನಲ್ಲಿ ಮಾದಕ ವಸ್ತು ನಿಗ್ರಹ ದಳದ ಅಧಿಕಾರಿಯಾದ ಷಡ್ಡಕ ಹ್ಯಾಂಕ್, ಜ್ಯಾಕ್‌ನ ತಂಡದ ಗುಂಡಿಗೆ ಬಲಿಯಾಗುತ್ತಾನೆ. ವಾಲ್ಟರನ ಸಂಪತ್ತಿನ ಬಹುಪಾಲನ್ನು ಅವರೇ ದೋಚುತ್ತಾರೆ. ಸಂಸಾರ ಮುರಿದು ಬೀಳುತ್ತದೆ. ‘ಗ್ರಾನೈಟ್ ಸ್ಟೇಟ್’ ಕಂತಿನಲ್ಲಿ, ನ್ಯೂ ಹ್ಯಾಂಪ್‌ಶೈರಿನ ಹಿಮದ ನಡುವೆ ತಲೆಮರೆಸಿಕೊಂಡ ವಾಲ್ಟರ್ ಮಗನಿಗೆ ದೂರವಾಣಿ ಮಾಡಿ, ಉಳಿದ ಹಣದಲ್ಲಿ ಸ್ವಲ್ಪವನ್ನಾದರೂ ತಲುಪಿಸಲು ಹೆಣಗುತ್ತಾನೆ. ಮಗ ಅದನ್ನು ತಿರಸ್ಕರಿಸುತ್ತಾನೆ. ಇನ್ನೂ ಏಕೆ ಸಾಯಲಿಲ್ಲವೆಂದು ತಂದೆಯನ್ನೇ ಕೇಳುತ್ತಾನೆ. ಇಡೀ ಧಾರಾವಾಹಿಯಲ್ಲಿ ವಾಲ್ಟರನ ಮೇಲೆ ಹೊರಬಿದ್ದ ನಿಜವಾದ ತೀರ್ಪು ಇದು ಎಂಬುದು ನಮ್ಮ ಅಭಿಪ್ರಾಯ. ಇದು ನ್ಯಾಯಾಲಯದಿಂದ ಬಂದುದಲ್ಲ, ಯಾರಿಗಾಗಿ ಎಲ್ಲವನ್ನೂ ಮಾಡಿದೆನೆಂದು ವಾಲ್ಟರ್ ಹೇಳಿಕೊಳ್ಳುತ್ತಿದ್ದನೋ ಆ ಹುಡುಗನ ಬಾಯಿಂದ ಬಂದುದು.

ಈಗ ಅಂತಿಮ ಕಂತಿಗೆ ಬರೋಣ. ಅದರ ಶಿಖರವೆಂದರೆ ಹೆಂಡತಿ ಸ್ಕೈಲರಳ ಅಡುಗೆಮನೆಯ ದೃಶ್ಯ. ಆಕೆ ಚಿಕ್ಕದೊಂದು ಬಾಡಿಗೆ ಮನೆಯಲ್ಲಿ ಸಿಗರೇಟು ಸೇದುತ್ತ ತಂಗಿಯೊಡನೆ ಫೋನಿನಲ್ಲಿ ಮಾತನಾಡುತ್ತಿದ್ದಾಳೆ. ಒಬ್ಬಳೇ ಇದ್ದಾಳೆಂದು ನಾವು ನಂಬಿರುವಾಗ ಕ್ಯಾಮೆರಾ ಮೆಲ್ಲನೆ ಮುಂದೆ ಸರಿಯುತ್ತದೆ, ಕಂಬದ ಮರೆಯಲ್ಲಿ ನಿಂತ ವಾಲ್ಟರ್ ಗೋಚರಿಸುತ್ತಾನೆ. ಅವನು ಮಾತು ತೆಗೆಯುತ್ತಲೇ ಆಕೆ ತಡೆಯುತ್ತಾಳೆ: ಸಂಸಾರಕ್ಕಾಗಿ ಮಾಡಿದೆ ಎಂಬ ಹಳೆಯ ಪಲ್ಲವಿಯನ್ನು ಇನ್ನೊಮ್ಮೆ ಕೇಳುವ ತಾಳ್ಮೆ ಆಕೆಗಿಲ್ಲ. ಆಗ ಅವನು, ಮಾಡಿದ್ದು ತನಗಾಗಿ, ತನಗದು ಇಷ್ಟವಾಗಿತ್ತು, ಅದರಲ್ಲಿ ತಾನು ನಿಪುಣನಾಗಿದ್ದೆ, ತಾನು ಬದುಕಿದ್ದೇನೆಂದು ಅನ್ನಿಸಿದ್ದು ಆಗಲೇ ಎಂದು ಒಪ್ಪಿಕೊಳ್ಳುತ್ತಾನೆ. ದನಿಯಲ್ಲಿ ಆವೇಶವಿಲ್ಲ, ಕ್ಷಮೆಯ ಯಾಚನೆಯೂ ಇಲ್ಲ. ಮಲಗಿರುವ ಮಗಳನ್ನು ನೋಡಲು ಸ್ಕೈಲರ್ ಅವನಿಗೆ ಅವಕಾಶ ಕೊಡುವುದು ಈ ಮಾತಿನ ತರುವಾಯ ಎಂಬುದು ಗಮನಾರ್ಹ. ಐದು ಋತುಗಳ ಸುಳ್ಳಿನ ಎದುರಿಗೆ ಒಂದು ನಿಜ, ಅದಕ್ಕೆ ಪ್ರತಿಯಾಗಿ ಮಗುವಿನ ತಲೆ ನೇವರಿಸುವ ಕೆಲವು ಕ್ಷಣ. ಇಷ್ಟು ಬಿಗಿಯಾದ ಬರವಣಿಗೆ ಯಾವ ಮಾಧ್ಯಮದಲ್ಲೂ ವಿರಳ.

ಕಂತಿನ ಕಡೆಯ ಚಿತ್ರವೂ ಇದಕ್ಕೆ ಹೊಂದುತ್ತದೆ. ಗುಂಡೇಟು ತಗುಲಿದ ವಾಲ್ಟರ್ ಪ್ರಯೋಗಶಾಲೆಯ ಯಂತ್ರಗಳ ನಡುವೆ ಅಡ್ಡಾಡಿ, ಲೋಹದ ತೊಟ್ಟಿಯನ್ನು ಅಕ್ಕರೆಯಿಂದ ತಡವಿ, ರಕ್ತದ ಗುರುತು ಬಿಟ್ಟು ಕುಸಿಯುತ್ತಾನೆ. ಅಡುಗೆಮನೆಯಲ್ಲಿ ಒಪ್ಪಿಕೊಂಡದ್ದಕ್ಕೆ ಇಲ್ಲಿ ಪುರಾವೆ ದೊರೆಯುತ್ತದೆ. ಜ್ಯಾಕ್‌ನ ತಂಡಕ್ಕೆ ಸೆರೆಯಾಳಾದ ಜೆಸ್ಸಿ, ತಾನು ಮರದ ಪೆಟ್ಟಿಗೆಯೊಂದನ್ನು ನುಣುಪುಗೊಳಿಸುತ್ತಿರುವಂತೆ ಕಂಡು, ಮರುಕ್ಷಣ ಸರಪಳಿಯ ಸೆಳೆತಕ್ಕೆ ಎಚ್ಚೆತ್ತುಕೊಳ್ಳುವ ಕಿರುದೃಶ್ಯವನ್ನೂ ಇಲ್ಲಿಯೇ ಹೆಸರಿಸಬೇಕು. ಗುರು ಶಿಷ್ಯರಿಬ್ಬರೂ ಕಸಬಿನ ಸುಖ ಕಂಡವರು. ಒಬ್ಬನ ಸುಖ ಇನ್ನೊಬ್ಬನ ಸಂಕೋಲೆಯಾಯಿತು.

ಇಷ್ಟಾಗಿಯೂ ಈ ಕಂತು ನಮ್ಮನ್ನು ಪೂರ್ತಿಯಾಗಿ ಒಪ್ಪಿಸಲಾರದು. ಆರಂಭದಲ್ಲಿ ಹಿಮ ಮುಸುಕಿದ ಕಾರಿನಲ್ಲಿ ಕುಳಿತ ವಾಲ್ಟರ್, ಮನೆ ತಲುಪಿಸಿದರೆ ಸಾಕು, ಉಳಿದದ್ದನ್ನು ತಾನು ನೋಡಿಕೊಳ್ಳುವೆನೆಂದು ಪ್ರಾರ್ಥಿಸುತ್ತಾನೆ. ಪೊಲೀಸರು ಹಾಗೆಯೇ ಸಾಗಿಹೋಗುತ್ತಾರೆ. ಬೀಗದ ಕೈ ತಾನಾಗಿ ಕೈಗೆ ಬೀಳುತ್ತದೆ. ಆ ಕ್ಷಣ ನಾವೂ ಒಳಗೊಳಗೆ ಹಿಗ್ಗಿದೆವೆಂಬುದನ್ನು ಮರೆಮಾಚಬೇಕಾಗಿಲ್ಲ. ಅಲ್ಲಿಂದ ಮುಂದೆ ಯಾವುದೂ ತಪ್ಪುವುದಿಲ್ಲ. ಲಿಡಿಯಾಳ ಚಹಾದಲ್ಲಿ ವಿಷ ಸೇರುತ್ತದೆ. ಕಾರಿನ ಹಿಂಬದಿಯಲ್ಲಿ ಅಡಗಿಸಿದ ಯಂತ್ರಕೋವಿ ಜ್ಯಾಕ್‌ನ ತಂಡವನ್ನು ಉರುಳಿಸುತ್ತದೆ. ವಾಲ್ಟರ್ ಮೇಲೆ ಬಿದ್ದು ಮರೆಮಾಡಿದ ಜೆಸ್ಸಿಗೆ ಒಂದು ಗುಂಡೂ ತಾಗದು. ಎದುರಾಳಿಗಳು ನಾತ್ಸಿ ಚಿಹ್ನೆ ಹೊತ್ತ ಕಟುಕರಾದುದರಿಂದ ಅವರ ಸಾವಿಗೆ ಪ್ರೇಕ್ಷಕನ ಅಂತಃಕರಣ ಯಾವ ಬೆಲೆಯನ್ನೂ ತೆರಬೇಕಾಗಿಲ್ಲ. ವಿಮರ್ಶಕಿ ಎಮಿಲಿ ನಸ್‌ಬಾಮ್ ಇದೆಲ್ಲವೂ ಆ ಕಾರಿನಲ್ಲಿ ಸಾಯುತ್ತಿರುವವನ ಕನಸಾಗಿದ್ದರೆ ಚೆನ್ನಿತ್ತು ಎಂಬರ್ಥದ ಮಾತನ್ನು 2013ರಲ್ಲಿಯೇ ಆಡಿದ್ದರು. ಆ ಮಾತಿನಲ್ಲಿ ಚೇಷ್ಟೆಯಿರುವಂತೆ ವಿವೇಕವೂ ಇದೆ.

ಆದರೆ ಆಕಸ್ಮಿಕಗಳ ಬಗೆಗಿನ ದೂರು ಚಿಕ್ಕದು. ಹಣದ ವಿಚಾರ ದೊಡ್ಡದು. ವಾಲ್ಟರ್ ತನ್ನ ಹಳೆಯ ಪಾಲುದಾರರಾದ ಗ್ರೆಚನ್ ಮತ್ತು ಎಲಿಯಟ್ ಎಂಬ ಶ್ರೀಮಂತ ದಂಪತಿಗಳ ಮನೆಗೆ ನುಗ್ಗಿ, 97 ಲಕ್ಷ ಡಾಲರಿಗೂ ಮೀರಿದ ಮೊತ್ತವನ್ನು ಅವರ ಕೊಡುಗೆಯೆಂಬ ಹೆಸರಿನಲ್ಲಿ ಮಗನಿಗೆ ಒಪ್ಪಿಸುವಂತೆ ಬೆದರಿಸುತ್ತಾನೆ. ಹಿಂದಿನ ಕಂತಿನಲ್ಲಿ ಬೇಡವೆಂದವನಿಗೆ ಅದೇ ಹಣವನ್ನು ಅವನಿಗೆ ಅರಿವಾಗದಂತೆ ಉಣಿಸುವ ಏರ್ಪಾಡು ಇದು. ಮಗನ ತೀರ್ಪನ್ನು ತಂದೆ ಮೋಸದಿಂದ ರದ್ದುಗೊಳಿಸಿದ್ದಾನೆ. ಕಂತು ಇದನ್ನು ಜಾಣ ತಂತ್ರವೆಂಬಂತೆ ತೋರಿಸಿ ಮುಂದೆ ಸಾಗುತ್ತದೆ. ತನಗಾಗಿ ಮಾಡಿದೆನೆಂಬ ತಪ್ಪೊಪ್ಪಿಗೆ ಬರುವುದು ಈ ಏರ್ಪಾಡಿನ ಬಳಿಕ. ಆ ಅರಿವು ನಿಜವಾದುದೇ ಆಗಿದ್ದರೆ ಏರ್ಪಾಡು ಹಾಗೆಯೇ ಉಳಿಯಬಹುದಿತ್ತೆ? ವಾಲ್ಟರ್ ಮುಗಿಸಬೇಕಾದ ಕೆಲಸಗಳ ಪಟ್ಟಿಯಲ್ಲಿ ಸತ್ಯವೂ ಒಂದಾಗಿಬಿಡುತ್ತದೆ.

ಈ ಸಂದರ್ಭದಲ್ಲಿ ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದ ರಾವಣ ನೆನಪಿಗೆ ಬರುತ್ತಾನೆ. ಅವನಲ್ಲಿ ದುರಂತ ನಾಯಕನನ್ನು ಬಿ. ಎಂ. ಶ್ರೀಕಂಠಯ್ಯನವರು ಗುರುತಿಸಿದುದು ಈ ಪತ್ರಿಕೆಯ ಓದುಗರಿಗೆ ಸುಪರಿಚಿತ. ಬಹುರೂಪಿಣೀ ವಿದ್ಯೆಯನ್ನು ಸಾಧಿಸಿ ಬೀಗುತ್ತ ಬಂದ ರಾವಣನೆದುರು, ರಾಮನಿಗೊದಗಬಹುದಾದ ಕೇಡನ್ನು ನೆನೆದು ಸೀತೆ ಮೂರ್ಛೆ ಹೋಗುತ್ತಾಳೆ; ಅವನ ಮನಸ್ಸು ತಿರುಗುತ್ತದೆ. ಒಲಿದವರನ್ನು ಅಗಲಿಸಿದೆನೆಂದು ಪರಿತಪಿಸುತ್ತಾನೆ. ಆದರೆ ಈಗಲೇ ಸೀತೆಯನ್ನು ಒಪ್ಪಿಸಿದರೆ ಲೋಕ ತನ್ನನ್ನು ಅಂಜುಬುರುಕನೆಂದೀತು. ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೆರೆಹಿಡಿದು ಅನಂತರ ಒಪ್ಪಿಸುವೆನೆಂದು ನಿಶ್ಚಯಿಸುತ್ತಾನೆ. ಅರಿವೂ ಅಭಿಮಾನವೂ ಒಂದೇ ಉಸಿರಿನಲ್ಲಿವೆ. ಮುಂದೆ ಅವನು ಎಸೆದ ಚಕ್ರರತ್ನ ಲಕ್ಷ್ಮಣನ ವಶವಾಗಿ ಅವನನ್ನೇ ಕೊಲ್ಲುತ್ತದೆ. ವಾಲ್ಟರ್ ಕೂಡ ತಾನು ಹೂಡಿದ ಕೋವಿಯ ಗುಂಡಿನಿಂದಲೇ ಸಾಯುತ್ತಾನೆ. ಆದರೆ ಸಾಮ್ಯ ಅಲ್ಲಿಗೇ ನಿಲ್ಲುತ್ತದೆ: ರಾವಣನ ಅಭಿಮಾನದ ಯೋಜನೆ ಮುರಿದುಬೀಳುತ್ತದೆ, ವಾಲ್ಟರನದು ಸಾಂಗವಾಗಿ ನೆರವೇರುತ್ತದೆ. ನಾಗಚಂದ್ರನು ಅರಿವಿಗೆ ಬಹುಮಾನ ಕೊಡಲಿಲ್ಲ.

ವಾಲ್ಟರ್ ಎಲ್ಲವನ್ನೂ ಕಳೆದುಕೊಂಡೇ ಸತ್ತನಲ್ಲ ಎಂದು ಗಿಲಿಗನ್ನನ ಪರವಾಗಿ ವಾದಿಸಬಹುದು. ಮಗನನ್ನು ಅವನು ದೂರದಿಂದ ಮಾತ್ರ ನೋಡಬಲ್ಲ. ತನ್ನನ್ನು ಕೊಲ್ಲೆಂದು ಕೇಳಿಕೊಂಡರೂ ಜೆಸ್ಸಿ ಒಪ್ಪುವುದಿಲ್ಲ. ಈ ನಿರಾಕರಣೆ ಬೆಲೆಯುಳ್ಳದ್ದು ಎಂಬುದನ್ನು ಒಪ್ಪುತ್ತೇವೆ. ಆದರೂ ಸಾವು ಅವನಿಗೆ ಮೊದಲೇ ನಿಶ್ಚಿತವಾಗಿತ್ತು. ನಿಶ್ಚಿತವಾದುದನ್ನು ದಂಡವೆಂದು ಎಣಿಸುವುದು ಕಷ್ಟ.

ಇದೇ ಕಥಾಲೋಕದ ‘ಬೆಟರ್ ಕಾಲ್ ಸಾಲ್’ ಧಾರಾವಾಹಿ 2022ರ ಆಗಸ್ಟ್ 15ರಂದು ಮುಗಿಯಿತು. ಅದರ ಅಂತಿಮ ಕಂತನ್ನು ಬರೆದು ನಿರ್ದೇಶಿಸಿದವನು ಪೀಟರ್ ಗೂಲ್ಡ್. ಮಗನು ತಂದೆಯನ್ನು ತಿರಸ್ಕರಿಸುವ ‘ಗ್ರಾನೈಟ್ ಸ್ಟೇಟ್’ ಕೂಡ ಅವನದೇ ಕೃತಿ. ಇಲ್ಲಿ ವಾಲ್ಟರನ ವಕೀಲನಾಗಿದ್ದ ಸಾಲ್ ಗುಡ್‌ಮನ್ ತನ್ನ ಮಾತಿನ ಚಮತ್ಕಾರದಿಂದ ಶಿಕ್ಷೆಯನ್ನು ಹತ್ತು ವರ್ಷಕ್ಕೂ ಕಡಿಮೆಗೆ ಇಳಿಸಿಕೊಂಡಿರುತ್ತಾನೆ. ಬಳಿಕ ತುಂಬಿದ ನ್ಯಾಯಾಲಯದಲ್ಲಿ, ಮಾಜಿ ಪತ್ನಿ ಕಿಮ್ ನೋಡುತ್ತಿರುವಾಗ, ಆ ಒಪ್ಪಂದವನ್ನು ತಾನೇ ಕೆಡಿಸಿ ನಡೆದುದನ್ನು ನಡೆದಂತೆ ಹೇಳುತ್ತಾನೆ. ಅದಕ್ಕೆ ಸಿಕ್ಕುವುದು 86 ವರ್ಷಗಳ ಸೆರೆ. ಆಮೇಲೆ ಸೆರೆಮನೆಗೆ ಬಂದ ಕಿಮ್ ಮತ್ತು ಅವನು ಗೋಡೆಗೊರಗಿ ಒಂದೇ ಸಿಗರೇಟನ್ನು ಹಂಚಿಕೊಂಡು ಸೇದುತ್ತಾರೆ. ದೃಶ್ಯವೆಲ್ಲ ಕಪ್ಪು ಬಿಳುಪು. ಕಿಡಿಗೆ ಮಾತ್ರ ಬಣ್ಣ.