ಚಿಪ್ಪನ್ನು ಮಗುಚಿ ನೋಡಿ

ಮಾವಿನಕಾಯಿ ಸಿಪ್ಪೆ ಹೆರೆಯಲು ನಮ್ಮಜ್ಜಿಗೆ ಚಾಕು ಬೇಕಿರಲಿಲ್ಲ. ಹೊಳೆಯಿಂದ ಹೆಕ್ಕಿ ತಂದ ಕಪ್ಪೆಚಿಪ್ಪಿನ ಉಬ್ಬಿದ ಬೆನ್ನನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಗರಗರ ಉಜ್ಜುತ್ತಿದ್ದರು. ನಡುವೆ ಸವೆದು ತೂತು ಬೀಳುತ್ತಿತ್ತು. ಆ ತೂತಿನ ಅಂಚೇ ಅಲಗು. ಕಾಯಿಯ ಮೇಲಿಟ್ಟು ಎಳೆದರೆ ಸಿಪ್ಪೆ ತೂತಿನೊಳಗಿಂದ ಸುರುಳಿಯಾಗಿ ಎದ್ದು ಬರುತ್ತಿತ್ತು. ಉಪ್ಪಿನಕಾಯಿ ಕೆಲಸ ಮುಗಿದ ಮೇಲೆ ಚಿಪ್ಪು ನನ್ನ ಪಾಲಿಗೆ. ಹೊರಗೆ ಪಾಚಿ ಬಣ್ಣ, ಒಳಗೆ ಮುತ್ತಿನ ಹೊಳಪು. ಆ ಹೊಳಪಿನ ಎರಡೂ ತುದಿಯಲ್ಲಿ ಯಾರೋ ಹೆಬ್ಬೆಟ್ಟು ಒತ್ತಿದಂತೆ ಒಂದೊಂದು ಗುರುತು.

ಚಿಪ್ಪು ಕೂಡಿಡುವ ಹುಚ್ಚು ಹತ್ತಿ ಇಷ್ಟು ವರ್ಷವಾದರೂ ನಾನು ಮೊದಲು ನೋಡುವುದು ಆ ಹೆಬ್ಬೆಟ್ಟಿನ ಗುರುತನ್ನೇ. ಮನೆಗೆ ಬಂದವರು ಡಬ್ಬಿ ತೆರೆದ ಕೂಡಲೇ ಬಣ್ಣದವನ್ನು ಕೈಗೆತ್ತಿಕೊಳ್ಳುತ್ತಾರೆ. ನಾನು ಅವರ ಕೈಯಲ್ಲೇ ಚಿಪ್ಪನ್ನು ಮಗುಚಿ ಇಡುತ್ತೇನೆ. ಸ್ವಲ್ಪ ನಿರಾಸೆ ಅವರ ಮುಖದಲ್ಲಿ ಕಾಣುತ್ತದೆ, ಏನು ಮಾಡುವುದು.

ಕಪ್ಪೆಗೂ ಕಪ್ಪೆಚಿಪ್ಪಿಗೂ ಸಂಬಂಧವೇನೂ ಇಲ್ಲ. ಕುಮಟಾ ಕಡೆ ಬಳಚು ಎಂದರೂ, ಮಂಗಳೂರು ಕಡೆ ಮರುವಾಯಿ ಎಂದರೂ ಅದು ಬಸವನಹುಳುವಿನ ದಾಯಾದಿಯೇ. ಬಸವನಹುಳುವಿಗೆ ತಲೆಯಿದೆ, ಬಾಯಲ್ಲಿ ಅರದಂಥ ನಾಲಿಗೆಯಿದೆ. ಜೋಡಿಚಿಪ್ಪಿನ ಬಳಗಕ್ಕೆ ಇವೆರಡೂ ಇಲ್ಲ. 50 ಕೋಟಿ ವರ್ಷಕ್ಕೂ ಹಿಂದೆ, ಕೇಂಬ್ರಿಯನ್ ಕಾಲದಲ್ಲೇ ಕಾಣಿಸಿಕೊಂಡ ವಂಶ ಇದು. ಇದರಲ್ಲಿ ಬಹುಪಾಲು ಜೀವಿಗಳು ಕಿವಿರನ್ನೇ ಜರಡಿ ಮಾಡಿಕೊಂಡು, ನೀರೆಳೆದು ಸೋಸಿ ಸಿಕ್ಕಿದ್ದನ್ನು ತಿಂದು ಕೂತಲ್ಲೇ ಬದುಕುತ್ತವೆ. ಕೂತಲ್ಲೇ ಎಂದರೆ ಎಷ್ಟು ಕಾಲ? 2006ರಲ್ಲಿ ಐಸ್‌ಲೆಂಡ್ ಬಳಿ ಹಿಡಿದ ಒಂದರ ಬೆಳವಣಿಗೆಯ ಗೆರೆಗಳನ್ನು ಎಣಿಸಿದಾಗ ವಯಸ್ಸು 507 ಎಂದು ಗೊತ್ತಾಯಿತು. ಹುಟ್ಟಿದ್ದು 1499ರಲ್ಲಿ, ಅಂದರೆ ಕೃಷ್ಣದೇವರಾಯ ಪಟ್ಟಕ್ಕೆ ಬರುವ ಮೊದಲು. ಇನ್ನು ಸ್ಕ್ಯಾಲಪ್ ಎಂಬುದಕ್ಕೆ ಚಿಪ್ಪಿನ ಅಂಚಿನುದ್ದಕ್ಕೂ ಇನ್ನೂರರಷ್ಟು ಕಣ್ಣು, ಪ್ರತಿ ಕಣ್ಣಿನ ಹಿಂದೆ ಒಂದು ಕನ್ನಡಿ. ಅದನ್ನು ಇನ್ನೊಂದು ವಾರಕ್ಕೆ ಇಟ್ಟುಕೊಳ್ಳೋಣ.

ಹೆಬ್ಬೆಟ್ಟಿನ ಗುರುತಿಗೆ ಬರುತ್ತೇನೆ. ಅವು ಸ್ನಾಯು ಅಂಟಿಕೊಂಡಿದ್ದ ಜಾಗ. ಎರಡು ಚಿಪ್ಪು ಸೇರುವ ಕೀಲಿನಲ್ಲಿ ರಬ್ಬರಿನಂಥ ಪಟ್ಟಿಯೊಂದಿದೆ. ಅದು ಯಾವಾಗಲೂ ಚಿಪ್ಪನ್ನು ತೆರೆಯಲು ನೋಡುತ್ತಿರುತ್ತದೆ. ಬಿಗಿದು ಮುಚ್ಚಿಡುವುದು ಸ್ನಾಯುವಿನ ಕೆಲಸ. ಬಾಯಿ ಮುಚ್ಚಿಕೊಂಡಿರಲು ಜೀವ ಬೇಕು, ತೆರೆಯಲು ಬೇಡ. ಕುದಿಯುವ ನೀರಿಗೆ ಬಿದ್ದ ಬಳಚು ಬಾಯಿ ಬಿಡುವುದು ಇದರಿಂದಲೇ. ಸ್ನಾಯು ಸೋತಿತು, ಪಟ್ಟಿ ಗೆದ್ದಿತು. ಬದುಕಿದ್ದದ್ದನ್ನು ಮೆಟ್ಟುಗತ್ತಿಯಲ್ಲಿ ಬಿಡಿಸುವವರನ್ನು ನೋಡಿ. ಅಲಗನ್ನು ಸಂದಿಗೆ ತೂರಿಸಿ ಸರಿಯಾಗಿ ಸ್ನಾಯುವನ್ನೇ ಹುಡುಕಿ ಕತ್ತರಿಸುತ್ತಾರೆ. ಆಮೇಲೆ ಚಿಪ್ಪು ತಾನಾಗಿ ತೆರೆದುಕೊಳ್ಳುತ್ತದೆ.

ಎರಡು ಗುರುತುಗಳ ನಡುವೆ ಅಂಚಿಗೆ ಸಮನಾಗಿ ಒಂದು ತೆಳುಗೆರೆ ಓಡುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. ಕೆಲವು ಚಿಪ್ಪುಗಳಲ್ಲಿ ಈ ಗೆರೆ ಹಿಂತುದಿಯ ಹತ್ತಿರ ಕೊಲ್ಲಿಯ ಹಾಗೆ ಒಳಕ್ಕೆ ಬಾಗುತ್ತದೆ. ನೀರೆಳೆಯುವ ಕೊಳವೆಗಳನ್ನು ಪ್ರಾಣಿ ಒಳಗೆ ಮಡಚಿಟ್ಟುಕೊಳ್ಳುತ್ತಿದ್ದ ಜಾಗ ಅದು. ಕೊಲ್ಲಿ ಆಳವಾದಷ್ಟೂ ಕೊಳವೆ ಉದ್ದ. ಕೊಳವೆ ಉದ್ದವಾದಷ್ಟೂ ಪ್ರಾಣಿ ಮರಳಿನಲ್ಲಿ ಆಳಕ್ಕೆ ಇಳಿಯಬಲ್ಲದು. ಅಘನಾಶಿನಿಯ ಅಳಿವೆಯಲ್ಲಿ ಸಿಗುವ ನುಣುಪು ಬೆನ್ನಿನ ಬಳಚನ್ನು ಮಗುಚಿದರೆ ಕೊಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ಚಿಕ್ಕದು. ಇದು ಮೇಲುಮೇಲೆ ಹೂತುಕೊಂಡಿರುವ ಪ್ರಾಣಿ. ನೀರು ಇಳಿದಾಗ ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ನಿಂತು ಇದನ್ನು ಬರಿಗೈಯಲ್ಲಿ ತಡವಿ ಬುಟ್ಟಿ ತುಂಬುವುದು ಅದಕ್ಕೇ ಸಾಧ್ಯ. ಆ ಅಳಿವೆ 2024ರಲ್ಲಿ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಪಟ್ಟಿ ಬರುವ ಎಷ್ಟೋ ಮೊದಲಿನಿಂದ ಅದನ್ನು ಬಲ್ಲವರು ಆ ಕೈಗಳು.

ದಡದಲ್ಲಿ ಮಕ್ಕಳು ಆರಿಸುವ ಚಿಪ್ಪುಗಳಲ್ಲಿ ಕೆಲವಕ್ಕೆ ಕೀಲಿನ ಬಳಿ ದುಂಡಗಿನ ತೂತಿರುತ್ತದೆ. ದಾರ ಪೋಣಿಸಿ ಸರ ಮಾಡಲು ಅನುಕೂಲ. ತೂತಿನ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿ. ಹೊರಗೆ ಅಗಲ, ಒಳಗೆ ಕಿರಿದು, ಬಡಗಿ ಸ್ಕ್ರೂ ಕೂರಿಸಲು ತೋಡಿದ ಹಾಗೆ. ಅದು ಮರಳಿನಡಿ ಬೇಟೆಯಾಡುವ ಒಂದು ಶಂಖದ ಹುಳುವಿನ ಕೆಲಸ. ಆಮ್ಲ ಸವರಿ ಸುಣ್ಣವನ್ನು ಮೆತ್ತಗೆ ಮಾಡುವುದು, ನಾಲಿಗೆಯ ಅರದಿಂದ ಕೆರೆಯುವುದು, ಮತ್ತೆ ಆಮ್ಲ; ಹೀಗೆ ಗಂಟೆಗಟ್ಟಲೆ. ಸರದ ಒಂದೊಂದು ಮಣಿಯೂ ಒಂದೊಂದು ಕೊಲೆ ಎಂದು ಸಣ್ಣ ಹುಡುಗಿಯೊಬ್ಬಳಿಗೆ ಹೇಳಿ ಅವಳಮ್ಮನಿಂದ ಬೈಸಿಕೊಂಡಿದ್ದೇನೆ.

ಇಷ್ಟೆಲ್ಲ ಓದಬಲ್ಲೆ ಎಂಬ ಜಂಬ ನನ್ನಲ್ಲೂ ಇತ್ತು. ಒಮ್ಮೆ ಮರದ ಪೆಟ್ಟಿಗೆಯಲ್ಲಿಟ್ಟ ಚಿಪ್ಪುಗಳ ಮೇಲೆ ಬಿಳಿ ಪುಡಿ ಎದ್ದಾಗ ಬೂಷ್ಟು ಎಂದುಕೊಂಡು ವಿನಿಗರ್ ಹಾಕಿ ಉಜ್ಜಿದೆ. ಸುಣ್ಣಕ್ಕೆ ಹುಳಿ ಹಾಕಿದರೆ ಇನ್ನೇನಾಗುತ್ತದೆ, ಹೊಳಪೂ ಹೋಯಿತು, ಗೆರೆಯೂ ಹೋಯಿತು. ಮರದಿಂದ ಹೊಮ್ಮುವ ಆಮ್ಲದ ಆವಿಯೇ ಚಿಪ್ಪನ್ನು ತಿನ್ನುತ್ತಿತ್ತು. ನಾನು ಅದಕ್ಕೆ ಇನ್ನಷ್ಟು ಬಡಿಸಿದ್ದೆ. 1899ರಲ್ಲಿ ಈ ಪುಡಿಯ ಬಗ್ಗೆ ಬರೆದ ಬೈನ್ ಎಂಬಾತ ಇದು ಬ್ಯಾಕ್ಟೀರಿಯಾದ ಕಿತಾಪತಿ ಎಂದು ತಿಳಿದಿದ್ದನಂತೆ. ಸ್ವಲ್ಪ ಸಮಾಧಾನವಾಯಿತು.

ಆದರೆ ತಪ್ಪಿ ಓದಿದ್ದರಲ್ಲಿ ದೊಡ್ಡ ಕಥೆ ನಮ್ಮ ಭದ್ರಾ ನದಿಯದು. ಸಮುದ್ರದ ಆಯ್ಸ್ಟರ್ ಬಂಡೆಗೆ ಗಾರೆ ಹಾಕಿದ ಹಾಗೆ ಅಂಟಿ ಬೆಳೆಯುತ್ತದೆ, ಒಳಗೆ ಸ್ನಾಯುವಿನ ಗುರುತು ಒಂದೇ. ಸಿಹಿನೀರಿನಲ್ಲಿ ಹೀಗೆ ಅಂಟಿ ಬದುಕುವವು ತೀರಾ ಅಪರೂಪ. ಆಫ್ರಿಕಾದಲ್ಲೊಂದು ಜಾತಿ, ಕೊಲಂಬಿಯಾದ ಮ್ಯಾಗ್ಡಲೀನಾ ನದಿಯಲ್ಲೊಂದು. 1898ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಎಡ್ಗರ್ ಸ್ಮಿತ್ ಭದ್ರಾ ನದಿಯ ಒಂದು ಅಂಕುಡೊಂಕು ಚಿಪ್ಪನ್ನು ಪರೀಕ್ಷಿಸಿ, ಕೊಲಂಬಿಯಾದ್ದರ ಸೋದರ ಎಂದು ತೀರ್ಮಾನಿಸಿ ಮುಲ್ಲೇರಿಯಾ ಡಾಲಿಯೈ ಎಂದು ಕರೆದ. ಬಂಡೆಗೆ ಅಂಟುವುದೂ ಸರಿ, ಒಂದೇ ಸ್ನಾಯು ಎಂಬುದೂ ಸರಿ. 1907ರಲ್ಲಿ ಆಂಟನಿ ಎಂಬ ಇನ್ನೊಬ್ಬ ಇದಕ್ಕೆ ಸ್ಯೂಡೋಮುಲ್ಲೇರಿಯಾ, ಅಂದರೆ ಹುಸಿ ಮುಲ್ಲೇರಿಯಾ ಎಂದು ಬೇರೆ ಕುಲವನ್ನೇ ಕೊಟ್ಟ. ಮನೆತನ ಮಾತ್ರ ಬದಲಾಗಲಿಲ್ಲ. ಆಫ್ರಿಕಾ, ದಕ್ಷಿಣ ಅಮೆರಿಕ, ಭಾರತ ಮೂರೂ ಒಂದೇ ನೆಲವಾಗಿದ್ದ ಗೊಂಡ್ವಾನಾ ಕಾಲದ ನೆನಪನ್ನು ಈ ಚಿಪ್ಪು ಹೊತ್ತಿದೆ ಎಂಬ ಮಾತಿಗೂ ಅದು ಚೆನ್ನಾಗಿ ಒಪ್ಪುತ್ತಿತ್ತು.

2000ದಲ್ಲಿ ಆರ್ಥರ್ ಬೋಗನ್ ಮತ್ತು ವಾಲ್ಟರ್ ಹೋ ಡಿಎನ್‌ಎ ಹೋಲಿಸಿ ನೋಡಿದರು. ಭದ್ರಾದ್ದು ಆ ಮನೆತನದ್ದೇ ಅಲ್ಲ. ನಮ್ಮ ಹೊಳೆಗಳ ಸಾಮಾನ್ಯ ಕಪ್ಪೆಚಿಪ್ಪಿನ ವಂಶದಲ್ಲೇ ಹುಟ್ಟಿದ್ದು. ರಭಸದ ನೀರಿನಲ್ಲಿ ಬಂಡೆ ಹಿಡಿದು ಬದುಕುವ ಉಪಾಯ ಅಲ್ಲೊಮ್ಮೆ ಇಲ್ಲೊಮ್ಮೆ ಬೇರೆಬೇರೆಯಾಗಿ ಹುಟ್ಟಿತ್ತು. ನೂರು ವರ್ಷ ಚಿಪ್ಪನ್ನು ಒಳಗೂ ಹೊರಗೂ ನೋಡಿದವರೆಲ್ಲ, ನನ್ನ ಹಾಗೆಯೇ, ಹೆಬ್ಬೆಟ್ಟಿನ ಗುರುತನ್ನು ನಂಬಿದ್ದರು.

ಈ ಚಿಪ್ಪು ತುಂಗೆಯಲ್ಲೂ ಇದೆ. ಕಳೆದ ಏಪ್ರಿಲ್‌ನಲ್ಲಿ ನೀರು ತಗ್ಗಿದಾಗ ಹುಡುಕಿಕೊಂಡು ಹೋದೆ. ಬಂಡೆಯಿಂದ ಬಂಡೆಗೆ ದಾಟಿ ಅರ್ಧ ದಿನ ಕಳೆದ ಮೇಲೆ ಒಂದು ಸಂದಿಯಲ್ಲಿ ಸಿಕ್ಕಿತು. ಪ್ರಾಣಿ ಸತ್ತು ಮೇಲಿನ ಚಿಪ್ಪು ಎಲ್ಲೋ ಕೊಚ್ಚಿಹೋಗಿತ್ತು. ಕೆಳಗಿನದು ಕಲ್ಲಿನ ಏರುತಗ್ಗನ್ನೇ ಅಚ್ಚು ಹಾಕಿಕೊಂಡು ಗಟ್ಟಿಯಾಗಿ ಕೂತಿತ್ತು. ಕೆಸರು ತೊಳೆದೆ. ಒಳಗೆ ಒಂದೇ ಗುರುತು. ಎಬ್ಬಿಸುವ ಮನಸ್ಸಾಗಲಿಲ್ಲ.

ದಡದಲ್ಲಿ ದನದ ಮೈ ತೊಳೆಯುತ್ತಿದ್ದ ಹುಡುಗ, "ಎಂತ ಹುಡುಕ್ತಿದೀರಿ?" ಎಂದ.

"ಕಪ್ಪೆಚಿಪ್ಪು."

"ಅದಕ್ಕೆ ಅಷ್ಟು ದೂರ ಯಾಕೆ ಹೋದ್ರಿ? ಇಲ್ಲೇ ರಾಶಿ ಬಿದ್ದಿದೆಯಲ್ಲ!" ಎಂದು ಮರಳಿನಿಂದ ಒಂದನ್ನು ಹೆಕ್ಕಿ ನನ್ನತ್ತ ಎಸೆದ. ಹಿಡಿದು ಮಗುಚಿದೆ. ಮುತ್ತಿನ ಹೊಳಪು, ಎರಡು ಹೆಬ್ಬೆಟ್ಟು. ಅಜ್ಜಿ ಉಜ್ಜುತ್ತಿದ್ದ ಚಿಪ್ಪೇ.

"ಅದಲ್ಲ ಮಾರಾಯ, ಇದು ಬೇರೆ ಜಾತಿ," ಎಂದವನಿಗೆ, ಹೇಳಿ ಮುಗಿಸುವಷ್ಟರಲ್ಲಿ ನಗು ಬಂತು.