ಕಡಬದ ತಾಮ್ರಶಾಸನ ಮತ್ತು ನಿರಾಯುಧ ಸಭೆಯ ಕಲ್ಪನೆ

ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತ ತಾಮ್ರಶಾಸನವು ರಾಷ್ಟ್ರಕೂಟ ದೊರೆ ಮುಮ್ಮಡಿ ಗೋವಿಂದನ ಕಾಲದ್ದು. ಅದರಲ್ಲಿ ಶಕವರ್ಷ 735ರ ಉಲ್ಲೇಖವಿದೆ. ಕುನುಂಗಿಲ್ ದೇಶವನ್ನು, ಎಂದರೆ ಇಂದಿನ ಕುಣಿಗಲ್ ಪ್ರದೇಶವನ್ನು, ಆಳುತ್ತಿದ್ದ ವಿಮಲಾದಿತ್ಯನ ಶನಿಪೀಡೆಯನ್ನು ನಿವಾರಿಸಿದ ಜೈನಮುನಿ ಅರ್ಕಕೀರ್ತಿಗೆ, ಚಾಕಿರಾಜನ ಬಿನ್ನಹದ ಮೇರೆಗೆ ಜಾಲಮಂಗಲ ಗ್ರಾಮವನ್ನು ದತ್ತಿಯಾಗಿ ಬಿಟ್ಟ ಸಂಗತಿಯನ್ನು ಅದು ತಿಳಿಸುತ್ತದೆ. ದಾನ ಪಡೆದವನು ಅಹಿಂಸಾವ್ರತಿ. ಆದರೆ ದಾನದ ಮಾತು ಬರುವ ಮೊದಲು ಶಾಸನವು ಅರಸರ ವಂಶವನ್ನೂ ಸಮರವಿಜಯಗಳನ್ನೂ ಹೊಗಳುತ್ತದೆ. ಆಯುಧ ಇಲ್ಲಿ ಯಾರ ಮೇಲೂ ಎರಗುವುದಿಲ್ಲ, ಕಾಣಿಸಿಕೊಳ್ಳುತ್ತದೆ ಅಷ್ಟೆ. ಅಧಿಕಾರದ ಘೋಷಣೆಗೆ ಅಷ್ಟೇ ಸಾಕಾಗಿತ್ತು.

ಅರಸೊತ್ತಿಗೆಯಲ್ಲಿ ಸಹಜವೆನಿಸಿದ್ದ ಈ ಪ್ರದರ್ಶನವನ್ನು ಗಣರಾಜ್ಯವು ಒಪ್ಪಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 19ನೆಯ ಅನುಚ್ಛೇದವು ಪ್ರಜೆಗಳಿಗೆ ಶಾಂತಿಯುತವಾಗಿ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕನ್ನು ನೀಡಿತು. ‘ಆಯುಧಗಳಿಲ್ಲದೆ’ ಎಂಬುದನ್ನು ಸಾಮಾನ್ಯವಾಗಿ ಹಕ್ಕಿನ ಮೇಲಿನ ಕಟ್ಟುಪಾಡೆಂದು ಓದಲಾಗುತ್ತದೆ. ವಸ್ತುತಃ ಅದು ಸಭೆಗೆ ಬಂದ ದುರ್ಬಲನಿಗೆ ದೊರೆತ ರಕ್ಷಣೆ; ಅವನ ಮಾತಿಗೂ ಬಲಿಷ್ಠನ ಮಾತಿಗೂ ಸಮನಾದ ತೂಕವನ್ನು ಕೊಡುವುದು ಈ ನಿಬಂಧನೆಯೇ. 2016ರ ಆಯುಧ ನಿಯಮಗಳು ಸಾರ್ವಜನಿಕ ಸ್ಥಳದಲ್ಲಿ ಕೋವಿಯನ್ನು ಝಳಪಿಸುವುದನ್ನು ನಿಷೇಧಿಸಿರುವುದು ಈ ತತ್ತ್ವದ ಮುಂದುವರಿಕೆಯಾಗಿದೆ.

ಇಂತಹ ನಿಬಂಧನೆಯಿಲ್ಲದೆಡೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ನಿದರ್ಶನವಿದೆ. 2020ರ ಏಪ್ರಿಲ್ 30ರಂದು ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್ ಶಾಸನಭವನವನ್ನು ಬಂದೂಕುಧಾರಿ ಪ್ರತಿಭಟನಕಾರರು ಪ್ರವೇಶಿಸಿದರು. ಬಂದೂಕನ್ನು ಬಹಿರಂಗವಾಗಿ ಒಯ್ಯುವುದು ಅಲ್ಲಿ ಅಂದು ಕಾನೂನುಬದ್ಧವಾಗಿತ್ತು. ಒಂದು ಗುಂಡೂ ಹಾರಲಿಲ್ಲ. ಆದರೂ ಕೆಲವು ಶಾಸಕರು ಗುಂಡುನಿರೋಧಕ ಕವಚ ಧರಿಸಿ ಕುಳಿತರು. ಭವನದೊಳಗೆ ಬಹಿರಂಗವಾಗಿ ಬಂದೂಕು ಒಯ್ಯುವುದಕ್ಕೆ ನಿಷೇಧ ಬಂದದ್ದು 2021ರ ಜನವರಿಯಲ್ಲಿ.

ಕರ್ನಾಟಕದಲ್ಲಿ ಈ ಪ್ರಶ್ನೆ ಹೆಚ್ಚು ಜಟಿಲವಾಗಿರುವುದು ಕೊಡಗಿನಲ್ಲಿ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ, ಹುಟ್ಟುಸಾವುಗಳಲ್ಲಿ ಗುಂಡು ಹಾರಿಸುವ ಸಂಪ್ರದಾಯ ಅಲ್ಲಿಯದು. ಪರವಾನಗಿಯಿಂದ ಕೊಡವರಿಗಿರುವ ವಿನಾಯಿತಿಯನ್ನು ರಾಜ್ಯ ಉಚ್ಚ ನ್ಯಾಯಾಲಯವು 2021ರಲ್ಲಿ ಎತ್ತಿಹಿಡಿಯಿತು. ಕೊಡವ ನ್ಯಾಷನಲ್ ಕೌನ್ಸಿಲ್ ‘ತೋಕ್ ನಮ್ಮೆ’ ಎಂಬ ಕೋವಿ ಹಬ್ಬವನ್ನು ನಡೆಸುತ್ತ ಬಂದಿದ್ದು, ಅಲ್ಲಿ ಸಂಸ್ಕಾರವೂ ರಾಜಕೀಯ ಹಕ್ಕೊತ್ತಾಯವೂ ಬೆರೆತಿವೆ. ಇದೇ ಜಿಲ್ಲೆಯ ಪೊನ್ನಂಪೇಟೆಯಲ್ಲಿ 2022ರ ಮೇ ತಿಂಗಳಿನಲ್ಲಿ ನಡೆದ ಬಜರಂಗದಳದ ಶಿಬಿರದಲ್ಲಿ ಯುವಕರು ಗಾಳಿಕೋವಿ ಹಿಡಿದ ಚಿತ್ರಗಳು ಪ್ರಕಟವಾಗಿ ವಿವಾದವೆದ್ದಿತು. ಆತ್ಮರಕ್ಷಣೆಯ ತರಬೇತಿ ಎಂಬ ಸಮರ್ಥನೆಯೂ ಕೇಳಿಬಂದಿತು.

ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿವೇಕವಲ್ಲ. ಕೋವಿಯು ಮಾರಕವೇ, ಗಾಳಿಕೋವಿಯೇ, ಪರವಾನಗಿ ಇದೆಯೇ ಎಂಬುದು ಕಾನೂನಿನ ಪ್ರಶ್ನೆ. ಅದನ್ನು ಯಾರ ಕಣ್ಣಿಗಾಗಿ ಎತ್ತಲಾಗಿದೆ ಎಂಬುದು ವಿಮರ್ಶೆಯ ಪ್ರಶ್ನೆ. ಹಬ್ಬದ ಕೋವಿಯನ್ನು ನೋಡುವವರು ಮನೆಮಂದಿ, ನೆಂಟರು. ಅವರಿಗೆ ಅದು ಹಿರಿಯರ ನೆನಪು. ರಾಜಕೀಯ ವೇದಿಕೆಯ ಕೋವಿಗಾದರೋ ಅಲ್ಲಿಗೆ ಬಾರದ ಎದುರಾಳಿಯೂ ಪ್ರೇಕ್ಷಕನೇ. ಅವನು ಮುಂದಿನ ಸಭೆಗೆ ಹೋಗದೆ ಮನೆಯಲ್ಲುಳಿದರೆ ಗುಂಡು ಹಾರದೆಯೇ ಕೆಲಸ ನಡೆದಂತಾಯಿತು. ಆ ಗೈರುಹಾಜರಿ ಯಾವ ಪೊಲೀಸ್ ದಾಖಲೆಯಲ್ಲಿಯೂ ನಮೂದಾಗುವುದಿಲ್ಲ. ಸಂಪ್ರದಾಯದ ಹೆಸರು ಈ ಬೆದರಿಕೆಗೆ ಮುಸುಕಾದಾಗ ನಷ್ಟವಾಗುವುದು ಸಂಪ್ರದಾಯಕ್ಕೂ ಹೌದು.

ಕಡಬದ ಶಾಸನದಲ್ಲಿ ವಿಜಯಪ್ರಶಸ್ತಿ ಮೊದಲು, ನಿರಾಯುಧನಾದ ಮುನಿ ಅನಂತರ. ಸಂವಿಧಾನವು ಈ ಕ್ರಮವನ್ನು ತಿರುವುಮುರುವು ಮಾಡಿ ನಿರಾಯುಧನನ್ನು ಮೊದಲ ಸಾಲಿಗೆ ತಂದಿತು. ಸಾರ್ವಜನಿಕ ಸಭೆಗಳಲ್ಲಿ ಆ ಸ್ಥಾನ ಅವನಿಗೆ ಉಳಿದಿದೆಯೇ ಎಂಬುದೇ ಗಣರಾಜ್ಯದ ಒರೆಗಲ್ಲು.