ಶಾಲೆಯ ಬಾಗಿಲು ತೆರೆದ ಮೇಲೆ: ‘ದಿ ಬ್ಲೂಯೆಸ್ಟ್ ಐ’ ಕಾದಂಬರಿಯಲ್ಲಿ ಓದುಪುಸ್ತಕ

ಶಿಕ್ಷಣದಲ್ಲಿ ವರ್ಣನ್ಯಾಯವೆಂದರೆ ಪ್ರವೇಶದ ಪ್ರಶ್ನೆ ಎಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಸಾರ್ವಜನಿಕ ಶಾಲೆಗಳಲ್ಲಿ ವರ್ಣಾಧಾರಿತ ಪ್ರತ್ಯೇಕತೆಯು ಸಂವಿಧಾನಬಾಹಿರವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ಬ್ರೌನ್ ಪ್ರಕರಣದಲ್ಲಿ ನೀಡಿದ ತೀರ್ಪು ಈ ಭಾವನೆಗೆ ಬಲ ಕೊಟ್ಟಿದೆ. ಟೋನಿ ಮಾರಿಸನ್ನರ ಮೊದಲ ಕಾದಂಬರಿ ‘ದಿ ಬ್ಲೂಯೆಸ್ಟ್ ಐ’ (1970) ಅದರಾಚೆಯ ಪ್ರಶ್ನೆಯನ್ನು ಎತ್ತುತ್ತದೆ: ಒಳಗೆ ಬಂದ ಮಗುವಿಗೆ ಶಾಲೆಯು ಕಲಿಸುವುದೇನನ್ನು?

ಕಥೆ ನಡೆಯುವುದು 1940–41ರಲ್ಲಿ, ಓಹಾಯೋದ ಲೊರೇನ್ ಪಟ್ಟಣದಲ್ಲಿ. ಕಪ್ಪು ಹುಡುಗಿ ಪೆಕೋಲಾ ಓದುವ ಶಾಲೆಯಲ್ಲಿ ಬಿಳಿಯ ಮಕ್ಕಳೂ ಇದ್ದಾರೆ. ಆದರೆ ಇಬ್ಬರು ಕೂರುವ ಡೆಸ್ಕಿನಲ್ಲಿ ಅವಳು ಒಬ್ಬಳೇ. ಎಲ್ಲರೂ ಉತ್ತರಿಸಲೇಬೇಕಾದಾಗಲ್ಲದೆ ಶಿಕ್ಷಕರ ದೃಷ್ಟಿ ಅವಳತ್ತ ಹೊರಳದು. ತಿಳಿಬಣ್ಣದ ಮೌರೀನ್ ಪೀಲ್‌ಗಾದರೋ ಅವರ ಮುಗುಳುನಗೆ ಮೀಸಲು.

ಈ ಬಹಿಷ್ಕಾರದ ಮೂಲವನ್ನು ಮಾರಿಸನ್ ಓದುಪುಸ್ತಕದಲ್ಲಿ ಗುರುತಿಸುತ್ತಾರೆ. ಕಾದಂಬರಿಯ ಆರಂಭದಲ್ಲಿರುವುದು ‘ಡಿಕ್ ಅಂಡ್ ಜೇನ್’ ಮಾದರಿಯ ಪಾಠ: ಚೆಂದದ ಮನೆ, ತಾಯಿ, ತಂದೆ, ಬೆಕ್ಕು, ನಾಯಿ, ಗೆಳೆತನ. 1930ರ ದಶಕದಿಂದ ಅಮೆರಿಕದ ಶಾಲೆಗಳಲ್ಲಿ ವ್ಯಾಪಕವಾಗಿದ್ದ ಆ ಮಾಲೆಯೊಳಗೆ ಕಪ್ಪು ಕುಟುಂಬವೊಂದು ಬಂದದ್ದು 1965ರಲ್ಲಿ. ಕಾದಂಬರಿಯು ಈ ಪಾಠವನ್ನು ಮೂರು ಬಾರಿ ಕೊಡುತ್ತದೆ. ಎರಡನೆಯ ಬಾರಿ ವಿರಾಮಚಿಹ್ನೆಗಳಿಲ್ಲ, ಮೂರನೆಯ ಬಾರಿ ಪದಗಳ ನಡುವೆ ತೆರಪೂ ಇಲ್ಲ. ಇದನ್ನು ಕೇವಲ ಶೈಲಿಯ ಪ್ರಯೋಗವೆನ್ನಲಾಗದು. ಆ ಪಾಠದ ತುಣುಕುಗಳೇ ಮುಂದಿನ ಅಧ್ಯಾಯಗಳ ಶಿರೋನಾಮೆಗಳು. ‘ಮನೆ’ಯ ತುಣುಕಿನಡಿ ಬರುವುದು ಪೆಕೋಲಾಳ ಕುಟುಂಬ ವಾಸಿಸುವ ಹಳೆಯ ಅಂಗಡಿ. ‘ತಾಯಿ’ಯ ತುಣುಕಿನಡಿ ಬರುವ ಪಾಲೀನ್ ಬಿಳಿಯರ ಮನೆಯ ಕೆಲಸದಾಕೆ; ಆ ಮನೆಯ ಮಗುವನ್ನು ಸಂತೈಸುವವಳು ತನ್ನ ಮಗಳಿಗೆ ಹೊಡೆಯುತ್ತಾಳೆ. ಪಾಠವು ವಾಗ್ದಾನ ಮಾಡಿದ ಗೆಳತಿ ಪೆಕೋಲಾಳಿಗೆ ದೊರಕುವುದು ಕೊನೆಯಲ್ಲಿ, ಬುದ್ಧಿಭ್ರಮಣೆಯಲ್ಲಿ. ತನಗೆ ನೀಲಿ ಕಣ್ಣುಗಳು ಬಂದಿವೆಯೆಂದು ನಂಬಿದ ಅವಳು ಆ ಕಾಲ್ಪನಿಕ ಗೆಳತಿಯೊಡನೆ ಮಾತನಾಡುತ್ತಾಳೆ.

ಕೃತಿಗೆ ಮಿತಿಯೂ ಇದೆ. ಅವಳ ಕಥೆಯನ್ನು ಬಹುಮಟ್ಟಿಗೆ ಇತರರೇ ಹೇಳುವುದರಿಂದ ಓದುಗರು ಮರುಕದಲ್ಲೇ ನಿಂತುಬಿಡಬಹುದು. ಓದುಗರು ತಮ್ಮನ್ನು ಪ್ರಶ್ನಿಸಿಕೊಳ್ಳದೆ ಅವಳಿಗಾಗಿ ಕನಿಕರಪಟ್ಟು ಸುಮ್ಮನಾಗುವ ಈ ಅಪಾಯವನ್ನು ಮಾರಿಸನ್ 1993ರ ಹಿನ್ನುಡಿಯಲ್ಲಿ ತಾವೇ ಒಪ್ಪಿಕೊಂಡರು.

ಗಡಿಯಾಚೆಯ ಕನ್ನಡ ಶಾಲೆಗಳ ಬಗ್ಗೆ ಚಿಂತಿಸುವ ನಮಗೆ ಈ ಎಚ್ಚರ ಅಗತ್ಯ. ವರ್ಣಭೇದವನ್ನೂ ಭಾಷಾ ಅಲ್ಪಸಂಖ್ಯಾತ ಸ್ಥಿತಿಯನ್ನೂ ಸಮೀಕರಿಸಲಾಗದು. ಗುಲಾಮಗಿರಿಯ ಚರಿತ್ರೆಯನ್ನು ಉಪಮೆಯಾಗಿ ಎರವಲು ಪಡೆಯುವುದು ಅನ್ಯಾಯ. ಆದರೆ ಓದುಪುಸ್ತಕವನ್ನು ಕುರಿತ ಪ್ರಶ್ನೆ ನಮ್ಮದೂ ಹೌದು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕೆನ್ನುತ್ತದೆ. ಅದು ಮಾಧ್ಯಮದ ಮಾತು. ಪುಸ್ತಕದೊಳಗಿನ ಮನೆ ಯಾರದೆಂಬುದು ಬೇರೆಯೇ ಮಾತು. ಮನೆಯಲ್ಲಿ ತುಳುವಾಡುವ ಕಾಸರಗೋಡಿನ ಮಗು, ಮರಾಠಿ ಬೆರೆತ ಕನ್ನಡವಾಡುವ ಅಕ್ಕಲಕೋಟೆಯ ಮಗು, ದಲಿತ ಕೇರಿಯಿಂದ ಬರುವ ಮಗು ಕನ್ನಡ ಪಾಠದಲ್ಲಿ ತಮ್ಮ ಅಂಗಳವನ್ನು ಕಾಣುತ್ತಾರೆಯೇ? ಆ ಪಾಠದ ‘ಶುದ್ಧ’ ಕನ್ನಡವೇ ಅವರಿಗೆ ನೀಲಿ ಕಣ್ಣಾಗಿದೆಯೇ? ಶಾಲೆ ಉಳಿಯಲೆಂದು ರಾಜ್ಯಗಳನ್ನು ಕೇಳುವ ನಾವು, ಆ ಶಾಲೆಯೊಳಗಿನ ಪಾಠಕ್ಕೆ ನಾವೇ ಉತ್ತರ ಹೇಳಬೇಕಾಗಿದೆ.